ಮಗ್ಗದ ಮೇಲೆ ಬಂದ ದೂರು

ಕೇಬಲ್ ಇಂಟರ್ನೆಟ್ಟಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಗಲೂ ನನಗೆ ಫೋನು ಮಾಡುತ್ತಾರೆ. ಈ ಕೆಲಸದಲ್ಲಿ ಮುಖ್ಯವಾಗಿ ಏನು ಕಲಿಯಬೇಕು ಎಂದು ಕೇಳುತ್ತಾರೆ. ಮೀಟರು ಹಿಡಿಯುವುದನ್ನು ಕಂಪನಿಯವರು ಕಲಿಸುತ್ತಾರೆ, ಏಣಿ ಹತ್ತುವುದನ್ನು ಹೊಟ್ಟೆಪಾಡು ಕಲಿಸುತ್ತದೆ. ಕಲಿಯಬೇಕಾದದ್ದು ಸಿಟ್ಟು ನುಂಗುವುದನ್ನು. ನಾನು ಅದನ್ನು ನಿವೃತ್ತಳಾಗುವ ದಿನದವರೆಗೂ ಕಲಿಯಲಿಲ್ಲ. ಆದ್ದರಿಂದ ಇಲ್ಲಿ ಬರೆದಿರುವುದರಲ್ಲಿ ಉಪ್ಪು ಖಾರ ಜಾಸ್ತಿಯಾಗಿದ್ದರೆ ನೀವೇ ಸರಿಮಾಡಿಕೊಂಡು ಓದಬೇಕು.

ನನ್ನ ಹೆಸರು ಶಾಂತವ್ವ. ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದೆ. ಸರ್ಕಾರಿ ನೌಕರಿಗೆ ಅರ್ಜಿ ಹಾಕಿ ಹಾಕಿ ಬೇಸತ್ತು, ಮಾಳಿಗೆಯ ಮೇಲೆ ದೊಡ್ಡ ಡಿಶ್ ಇಟ್ಟು ಮನೆಮನೆಗೆ ಟಿವಿ ವೈರು ಎಳೆಯುತ್ತಿದ್ದ ಒಂದು ಕಂಪನಿಗೆ ಸೇರಿಕೊಂಡೆ. ಆಮೇಲೆ ಅದೇ ಕಂಪನಿ ಬಾದಾಮಿ, ಹುನಗುಂದ, ಇಳಕಲ್ ತನಕ ಬೆಳೆಯಿತು, ಅದೇ ವೈರಿನಲ್ಲಿ ಇಂಟರ್ನೆಟ್ಟೂ ಬಂತು. ಬಡ್ತಿಗಳ ಸಂಗತಿ ಬರೆಯುವುದಿಲ್ಲ. ಬಡ್ತಿ ಬಂದಾಗಲೆಲ್ಲ ಹೊರುವ ಚೀಲ ದೊಡ್ಡದಾಯಿತು, ಅಷ್ಟೇ.

ಬರೆಯಬೇಕಾಗಿರುವುದು ಇಳಕಲ್ಲಿನ ರುಕ್ಮವ್ವನ ಮಗ್ಗಗಳ ಸಂಗತಿಯನ್ನು. ರುಕ್ಮವ್ವ ನೇಕಾರರ ಓಣಿಯವಳು. ಗಂಡ ತೀರಿಕೊಂಡ ಮೇಲೆ ಸೊಸೆಯನ್ನು ಜೊತೆಗಿಟ್ಟುಕೊಂಡು ಮೂರು ಪವರ್‌ಲೂಮು ನಡೆಸುತ್ತಿದ್ದಳು. ಅವಳ ಮಗ್ಗಗಳಿಂದ ಓಣಿಯವರ ಮೊಬೈಲು ಫೋನುಗಳೆಲ್ಲ ಕೆಡುತ್ತಿವೆ, ಮಗ್ಗಗಳ ಕರೆಂಟು ಕಡಿಯಬೇಕು ಎಂದು ದೂರು ಬಂದಿತ್ತು. ಮಗ್ಗ ನಿಂತರೆ ಆ ಮನೆಯಲ್ಲಿ ಒಲೆಯೂ ನಿಲ್ಲುತ್ತಿತ್ತು. ಆದರೆ ಅಲ್ಲಿಗೆ ಹೋಗುವ ಮೊದಲು ಫೋನು ಹೇಗೆ ಕೆಡುತ್ತದೆ ಎನ್ನುವುದನ್ನು ಹೇಳಬೇಕು. ಇಲ್ಲದಿದ್ದರೆ ನೀವೂ ನಮ್ಮ ಮ್ಯಾನೇಜರ ಹಾಗೆ ಕಣ್ಣಿಗೆ ಕಂಡದ್ದರ ಕಡೆಗೇ ಬೆರಳು ತೋರಿಸುತ್ತೀರಿ.

ನಮ್ಮ ಕರಿ ಕೇಬಲ್ಲನ್ನು ಕೊಯ್ದು ನೋಡಿ. ನಟ್ಟನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್ಕು, ಅದರ ಮೇಲೆ ಬೆಳ್ಳಿಬಣ್ಣದ ಹಾಳೆ ಮತ್ತು ಸಣ್ಣ ತಂತಿಗಳ ಜಾಳಿಗೆ, ಎಲ್ಲಕ್ಕೂ ಮೇಲೆ ಕರಿ ಹೊದಿಕೆ. ಜಾಳಿಗೆಯೇ ಬೇಲಿ. ಒಳಗೆ ಹರಿಯುವ ರೇಡಿಯೋ ತರಂಗ ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು. ಬೇಲಿ ಎಲ್ಲಿ ಹರಿಯಿತೋ ಅಲ್ಲಿಂದ ನಮ್ಮ ಚಾನಲ್ಲುಗಳು ಗಾಳಿಗೆ ಸೋರುತ್ತವೆ. ಗಾಳಿಯಲ್ಲಿ ಪೊಲೀಸರ ವಾಕಿಟಾಕಿ, ಮೊಬೈಲು, ಎಫ್‌ಎಂ, ಎಲ್ಲ ಮೊದಲೇ ಕಿಕ್ಕಿರಿದಿವೆ. ಅಲ್ಲಿ ನಾವು ಹೋಗಿ ಬಾಯಿ ಹಾಕಿದರೆ ಯಾರಿಗೆ ಸಹಿಸೀತು?

ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಬಾದಾಮಿಯ ಮಂಗಗಳಿಂದ. ಡಿಜಿಟಲ್ ಟಿವಿ ಇನ್ನೂ ಬಂದಿರಲಿಲ್ಲ. ಗುಹೆಗಳ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ವೈರು ಕಂಬದಿಂದ ಕಂಬಕ್ಕೆ ಜೋತುಬಿದ್ದಿತ್ತು. ಪ್ರವಾಸಿಗರ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡ ಮಂಗಗಳು ತಿಂದು ಮುಗಿಸಿ ಆ ವೈರಿನ ಮೇಲೆ ಜೋಕಾಲಿ ಆಡುತ್ತಿದ್ದವು. ಒಂದು ದಿನ ಬಂದೋಬಸ್ತಿಗೆ ಬಂದಿದ್ದ ಫೌಜದಾರರು ನನ್ನನ್ನು ಕರೆಸಿ ತಮ್ಮ ವಾಕಿಟಾಕಿಯನ್ನು ನನ್ನ ಕಿವಿಗೆ ಹಿಡಿದರು. ಒಳಗೆ ಧಾರಾವಾಹಿಯೊಂದರ ಅತ್ತೆ ಗೊರಗೊರ ದನಿಯಲ್ಲಿ ಅಳುತ್ತಿದ್ದಳು.

"ಏನವ್ವಾ, ನಾ ಇಲ್ಲಿ ಬಂದೋಬಸ್ತ್ ನೋಡ್ಲೋ, ಈ ಅತ್ತಿ-ಸೊಸಿ ಜಗಳಾ ಬಿಡಸ್ಲೋ?" ಎಂದರು.

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಆಗ ನನ್ನ ಬಳಿ ಸೋರಿಕೆ ಅಳೆಯುವ ಮೀಟರು ಇರಲಿಲ್ಲ. ಕಿಸೆ ರೇಡಿಯೋ ಒಂದಿತ್ತು. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಅದರ ಮುಳ್ಳು ತಿರುಗಿಸಿ, ಕಿವಿಗೆ ಹಿಡಿದುಕೊಂಡು ವೈರಿನ ಕೆಳಗೆ ನಡೆಯುತ್ತ ಹೋಗಬೇಕು. ಎಲ್ಲಿ ಬುಸುಗುಡುವುದು ಜೋರಾಯಿತೋ ಅಲ್ಲಿ ಸೋರಿಕೆ. ಒಂದು ಕಂಬದ ಕೆಳಗೆ ಅದು ಕಿವಿ ಹರಿಯುವಷ್ಟು ಜೋರಾಯಿತು. ಮೇಲೆ ನೋಡಿದರೆ ಮಂಗಗಳು ಜಗ್ಗಿ ಜಗ್ಗಿ ಕನೆಕ್ಟರು ಅರ್ಧ ಕಿತ್ತು ಬಂದಿತ್ತು. ಏಣಿ ಹತ್ತಿ ಸರಿಮಾಡಿದೆ, ಅತ್ತೆಯ ಅಳು ನಿಂತಿತು. ಬಾಗಲಕೋಟೆಗೆ ಹೋಗಿ ಅಲ್ಲಿ ಗಟ್ಟಿ ಹೊದಿಕೆಯ ಕೇಬಲ್ ಹಾಕಬೇಕು ಎಂದರೆ, ಮ್ಯಾನೇಜರು ಕರಿಮೂತಿಯ ದೊಡ್ಡ ಮುಸುವಿನ ಚಿತ್ರ ಬರೆಸಿ ಕಂಬಕ್ಕೆ ಕಟ್ಟಿಸಿದರು. ಮುಸುವನ್ನು ಕಂಡರೆ ಮಂಗ ಹೆದರುತ್ತದೆ ಎಂದು ಯಾರೋ ಹೇಳಿದ್ದರಂತೆ. ಮಂಗಗಳು ಆ ಚಿತ್ರದ ಮೇಲೆಯೇ ಕುಳಿತು ಹೇನು ಆರಿಸಿಕೊಳ್ಳುತ್ತಿದ್ದವು.

ಈ ಮ್ಯಾನೇಜರು ಪಾಟೀಲರು. ಕೆಟ್ಟವರಲ್ಲ, ಆದರೆ ನವನಗರದ ಆಫೀಸಿನ ತಣ್ಣನೆಯ ಕೋಣೆ ಬಿಟ್ಟು ಹೊರಗೆ ಬರುವವರೂ ಅಲ್ಲ. ಅವರ ಮುಂದೆ ಒಂದು ದೊಡ್ಡ ಪರದೆ ಇತ್ತು. ನಾಲ್ಕೂ ಊರುಗಳ ಲೈನುಗಳು ಅದರಲ್ಲಿ ಹಸಿರಾಗಿ, ಕೆಂಪಾಗಿ ಕಾಣುತ್ತಿದ್ದವು. ಹಸಿರಿದ್ದರೆ ಎಲ್ಲ ಸರಿ. ಕೆಂಪಾದರೆ ಗಿರಾಕಿಗೆ ಫೋನು ಮಾಡಿ ಮೋಡೆಮ್ ಬಂದ್ ಮಾಡಿ ಚಾಲೂ ಮಾಡಲು ಹೇಳುವುದು. ನನ್ನ ಇಡೀ ನೌಕರಿಯಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಅದೇ. ಮನೆಗೆ ಸಿಡಿಲು ಬಡಿದಿದೆ ಎಂದರೂ ಅವರು ಅದನ್ನೇ ಹೇಳಿಯಾರು ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಪರದೆಗೆ ಕಾಣದ್ದು ಕಾಲಿಗೆ ಸಿಗುತ್ತದೆ ಎನ್ನುವುದಕ್ಕೆ ಇಳಕಲ್ ಲೈನಿಗೇ ಸೇರಿದ ಗುಡೂರಿನ ಸಂಗತಿ ಹೇಳುತ್ತೇನೆ. ಊರಂಚಿನ ಲೈನಿನಲ್ಲಿ ಇಂಟರ್ನೆಟ್ಟು ತಾಸಿಗೊಮ್ಮೆ ಕಡಿಯುತ್ತಿತ್ತು. ರೇಡಿಯೋ ಹಾಕಿದರೆ ಒಂದೇ ಸಮನೆ ಟಕ್, ಟಕ್, ಟಕ್. ಪಾಟೀಲರು ಮೋಡೆಮ್ ಬದಲಿಸಲು ಹೇಳಿದರು, ಆಮೇಲೆ ಕಂಬದ ಮೇಲಿನ ಪೆಟ್ಟಿಗೆ ಬದಲಿಸಲು ಹೇಳಿದರು, ಆಮೇಲೆ ಅಲ್ಲಿಯ ಜನರೇ ಸರಿಯಿಲ್ಲ ಎಂದರು. ನಾನು ಆ ಟಕ್ ಟಕ್ ಬೆನ್ನು ಹತ್ತಿ ನಡೆದೆ. ಅದು ಹನಮಂತಗೌಡರ ಹೊಲಕ್ಕೆ ಹೋಗಿ ನಿಂತಿತು. ಕಾಡುಹಂದಿ ಬರಬಾರದೆಂದು ಅವರು ಹೊಲದ ಸುತ್ತ ಕರೆಂಟು ಬಿಟ್ಟ ಝಟ್ಕಾ ತಂತಿ ಎಳೆದಿದ್ದರು. ಹಸಿ ಹುಲ್ಲು ಬೆಳೆದು ಆ ತಂತಿಗೆ ತಾಗಿ ಚಟಚಟ ಕಿಡಿ ಹಾರುತ್ತಿತ್ತು. ಆ ಸದ್ದು ನಮ್ಮ ಸಡಿಲಾದ ಒಂದು ಕನೆಕ್ಟರಿನ ಬಾಯಿಂದ ಕೇಬಲ್ಲಿನ ಒಳಗೆ ಇಳಿದು ಲೈನಿನುದ್ದಕ್ಕೂ ಓಡಾಡುತ್ತಿತ್ತು. ಹುಲ್ಲು ಕೊಯ್ಯಿರಿ ಗೌಡರೇ ಎಂದೆ. ಹಂದಿಗೆ ಅಂಜಬೇಕೋ ನಿಮ್ಮ ಕೇಬಲ್ಲಿಗೆ ಅಂಜಬೇಕೋ ಎಂದು ಅವರು ನನ್ನನ್ನೇ ದಬಾಯಿಸಿದರು. ಕೊನೆಗೆ ಕುಡುಗೋಲು ಇಸಿದುಕೊಂಡು ಆ ಬದಿಯ ಹುಲ್ಲನ್ನು ನಾನೇ ಕೊಯ್ದೆ, ಕನೆಕ್ಟರು ಬದಲಿಸಿದೆ. ಡಿಪ್ಲೊಮಾ ಓದಿ ಹುಲ್ಲು ಕೊಯ್ದ ನೌಕರಿ ಇದು.

ಹೋದಲ್ಲೆಲ್ಲ ಇನ್ನೊಂದು ಕಿರಿಕಿರಿ. ನಾನು ಮೀಟರು, ಏಣಿ ಹಿಡಿದು ಬಾಗಿಲಲ್ಲಿ ನಿಂತರೆ ಜನ ನನ್ನ ಬೆನ್ನ ಹಿಂದೆ ಇಣುಕುತ್ತಿದ್ದರು. ಸಾಹೇಬ್ರು ಹಿಂದಿಂದ ಬರ್ತಾರೇನ್ರಿ ಎಂದು ಕೇಳುತ್ತಿದ್ದರು. ಯಾವ ಸಾಹೇಬರೂ ಬರುವುದಿಲ್ಲ, ನಾನೇ ಬಂದಿರುವುದು ಎಂದು ಹೇಳಿ ಹೇಳಿ ಬಾಯಿ ಸವೆಯಿತು. ಆದರೆ ಹೆಂಗಸಾದದ್ದಕ್ಕೆ ಒಂದು ಉಪಯೋಗವಿತ್ತು. ನಮ್ಮ ಗಂಡುಹುಡುಗರನ್ನು ಪಡಸಾಲೆಯಲ್ಲೇ ನಿಲ್ಲಿಸುತ್ತಿದ್ದರು. ನನ್ನನ್ನು ಅಡುಗೆಮನೆ, ದೇವರ ಕೋಣೆಯ ತನಕ ಬಿಟ್ಟುಕೊಳ್ಳುತ್ತಿದ್ದರು. ಕೇಬಲ್ಲಿನ ಪಾಪಗಳೆಲ್ಲ ಇರುವುದು ಅಲ್ಲಿಯೇ.

ನನ್ನ ಕೊನೆಯ ವರ್ಷಗಳು ಹುನಗುಂದದಲ್ಲಿ ಗಿರಾಕಿಗಳ ದೂರು ಕೇಳುವ ಕೌಂಟರಿನಲ್ಲಿ ಕಳೆದವು. ಅಲ್ಲಿಗೆ ಯಾಕೆ ದಬ್ಬಿದರು ಎನ್ನುವುದು ಮುಂದೆ ಬರುತ್ತದೆ. ಅಲ್ಲಿಯದು ಬೇರೆ ಗೋಳು. ಕೋರ್ಟಿನ ಹತ್ತಿರದ ಒಂದು ಕಟ್ಟಡದ ತುಂಬ ವಕೀಲರು, ಒಬ್ಬೊಬ್ಬರ ಕೋಣೆಯಲ್ಲಿ ಒಂದೊಂದು ವೈಫೈ ಪೆಟ್ಟಿಗೆ. ಎಲ್ಲವೂ ಗಾಳಿಯಲ್ಲಿ ಒಂದೇ ದಾರಿ ಹಿಡಿದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ದಾರಿ ಹಂಚಿಕೊಳ್ಳಿ, ಒಬ್ಬೊಬ್ಬರದು ಒಂದೊಂದಕ್ಕೆ ಇಟ್ಟುಕೊಡುತ್ತೇನೆ ಎಂದರೆ ಒಬ್ಬರೂ ಕೇಳಲಿಲ್ಲ. ಪಕ್ಕದವನಿಗಿಂತ ದೊಡ್ಡ ಪೆಟ್ಟಿಗೆ ತಂದು ಇಟ್ಟರು. ಪಕ್ಕದವನು ಅದಕ್ಕಿಂತ ದೊಡ್ಡದು ತಂದ. ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಮಾತು ಯಾರಿಗೆ ಕೇಳಬೇಕು? ಊರಿಗೆಲ್ಲ ನ್ಯಾಯ ಹೇಳುವವರು ಗಾಳಿ ಹಂಚಿಕೊಳ್ಳಲು ಒಪ್ಪಲಿಲ್ಲ.

ಈಗ ಇಳಕಲ್. ಒಂದು ದಿನ ಬೆಳಿಗ್ಗೆ ರುಕ್ಮವ್ವನ ಫೋನು ಬಂತು. ಅವಳ ಮನೆಗೆ ಮೊದಲ ಸಲ ಕೇಬಲ್ ಎಳೆದವಳು ನಾನೇ. ಅವತ್ತು ಅವಳು ಬಿಸಿ ರೊಟ್ಟಿ ಬಡಿದು ಹಾಕಿ ಉಣ್ಣಿಸಿದ್ದಳು, ಅಲ್ಲಿಂದ ಪರಿಚಯ.

"ಅಕ್ಕಾರ, ನಮ್ಮ ಓಣ್ಯಾಗ ಫೋನ್ ಹೋಗಾಂಗಿಲ್ಲಂತ ಬಸ್ ಸ್ಟ್ಯಾಂಡಿಗೆ ಬಂದು ಮಾಡಾಕತ್ತೇನಿ. ನನ್ನ ಮಗ್ಗದ ಕರೆಂಟ್ ಕಡ್ಯಾಕ ಬರ್ತಾರಂತ. ಮಗ್ಗದ ಮ್ಯಾಲೆ ಅರ್ಧಾ ನೇದ ಸೀರಿ ಅದಾವ. ನನ್ನ ಮಗ್ಗಕ್ಕೂ ಮಾಸ್ತರ ಫೋನಿಗೂ ಏನ್ ಸಂಬಂಧರಿ?"

ಮಾಸ್ತರರು ಎಂದರೆ ಅವಳ ಎದುರು ಮನೆಯ ಮಲ್ಲಪ್ಪ ಮಾಸ್ತರರು, ಸಾಲೆಯಿಂದ ನಿವೃತ್ತರಾದವರು. ದೂರು ಕೊಟ್ಟವರು ಅವರೇ. ಸುಮ್ಮನೆ ಕೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ಅವರ ಹೆಂಡತಿ ತಲೆ ಸುತ್ತಿ ಬಿದ್ದರು. ದವಾಖಾನೆಗೆ ಹಚ್ಚಿದ ಫೋನು ಹೋಗಲೇ ಇಲ್ಲ. ಮಾಸ್ತರರು ಫೋನು ಹಿಡಿದು ಅಂಗಳದಲ್ಲಿ ಸುತ್ತುತ್ತಿದ್ದಾಗ, ಮಗ್ಗ ನಿಲ್ಲಿಸಿ ಓಣಿ ತುದಿಗೆ ಓಡಿ ಆಟೋ ತಂದವಳು ರುಕ್ಮವ್ವ. ಹೆಂಡತಿ ಹುಷಾರಾದರು. ಆದರೆ ಮಾಸ್ತರರ ಎದೆಯಲ್ಲಿ ಕುಳಿತ ಅಂಜಿಕೆ ಹೋಗಲಿಲ್ಲ. ಗದಗದಲ್ಲಿದ್ದ ಮಗಳೊಡನೆ ಮಾತಾಡಲು ಅವರು ದಿನಾ ಓಣಿಯ ತುದಿಗೆ ನಡೆದು ಹೋಗಬೇಕಾಗಿತ್ತು. ಮನೆಯಿಂದ ಹಚ್ಚಿದರೆ ಆ ಕಡೆಯವರ ಮಾತು ಒಮ್ಮೊಮ್ಮೆ ಇವರಿಗೆ ಕೇಳುತ್ತಿತ್ತು, ಇವರ ಮಾತು ಆ ಕಡೆಗೆ ಹೋಗುತ್ತಿರಲಿಲ್ಲ.

ಮೊಬೈಲು ಟವರಿನ ಕಂಪನಿಯಿಂದ ಹುಬ್ಬಳ್ಳಿಯ ಒಬ್ಬ ಎಂಜಿನಿಯರು ಬಂದು ತಪಾಸಣೆ ಮಾಡಿದ್ದರು. ಅವರ ತರ್ಕ ತಳ್ಳಿಹಾಕುವಂಥದ್ದೇನೂ ಆಗಿರಲಿಲ್ಲ. ಫೋನು ಕೆಡಿಸುವ ರೇಡಿಯೋ ಗದ್ದಲ ರುಕ್ಮವ್ವನ ಮನೆಯ ಕಡೆಯಿಂದ ಬರುತ್ತಿತ್ತು. ಕರೆಂಟು ಹೋದಾಗ ಓಣಿಯ ಫೋನುಗಳೆಲ್ಲ ಸರಿಯಾಗುತ್ತಿದ್ದವು, ಬಂದ ಕೂಡಲೇ ಮತ್ತೆ ಕೆಡುತ್ತಿದ್ದವು. ಕರೆಂಟಿನ ಜೊತೆಗೆ ನಿಂತು ಕರೆಂಟಿನ ಜೊತೆಗೆ ಶುರುವಾಗುವುದು ಏನು? ಮಗ್ಗ. ಸಾಲದ್ದಕ್ಕೆ ಮಗ್ಗ ಶುರುವಾದಾಗ ಸುತ್ತಲಿನ ಮನೆಗಳ ಇಂಟರ್ನೆಟ್ಟೂ ಕಡಿಯುತ್ತಿತ್ತು. ಹೀಗಾಗಿ ಓಣಿಯಲ್ಲಿ ಎಲ್ಲರೂ ಅದನ್ನೇ ನಂಬಿದರು. ಖರೆ ಹೇಳಬೇಕೆಂದರೆ ಅರ್ಧ ನಾನೂ ನಂಬಿದೆ.

ನಾನು ಬೇಕೆಂತಲೇ ಅಮಾವಾಸ್ಯೆಯ ದಿನ ಹೋದೆ. ಆ ದಿನ ಆ ಓಣಿಯಲ್ಲಿ ಯಾರೂ ಮಗ್ಗ ನಡೆಸುವುದಿಲ್ಲ. ಒರೆಸಿ, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಬಿಡುತ್ತಾರೆ. ದಿನಾ ಖಟಪಟ ಎನ್ನುವ ಓಣಿ ಅವತ್ತು ಸುಮ್ಮನಿತ್ತು. ನಡುವೆ ನಿಂತು ಫೋನು ಹಚ್ಚಿದೆ, ಹೋಗಲಿಲ್ಲ. ಮೀಟರು ತೆಗೆದು ಹಿಡಿದೆ. ಗದ್ದಲ ತುಂಬಿ ತುಳುಕುತ್ತಿತ್ತು. ಮಗ್ಗಗಳು ಮಲಗಿದ್ದವು, ಗದ್ದಲ ಎಚ್ಚರವಿತ್ತು. ಹಾಗಾದರೆ ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಹಾಕುತ್ತಿದ್ದಾರೆ ಎಂದುಕೊಂಡೆ.

ನಮ್ಮ ಕಡೆ ಕರೆಂಟು ಹೋಗಲು ಬಹಳ ಕಾಯಬೇಕಾಗಿಲ್ಲ. ಸ್ವಲ್ಪ ಹೊತ್ತಿಗೆ ಹೋಯಿತು. ಮೀಟರಿನಲ್ಲಿ ಗದ್ದಲ ತಟ್ಟನೆ ಇಳಿಯಿತು. ತಲೆ ಎತ್ತಿ ನೋಡಿದೆ. ಓಣಿಯ ಕಂಬದ ಮೇಲೆ ನಮ್ಮ ಕಂಪನಿಯ ಪೆಟ್ಟಿಗೆ ಇತ್ತು, ಸಿಗ್ನಲ್ಲಿಗೆ ಬಲ ಕೊಟ್ಟು ಮುಂದೆ ಕಳಿಸುವಂಥದ್ದು. ಅದರ ಸಣ್ಣ ಕೆಂಪು ದೀಪವೂ ಆರಿತ್ತು. ಕರೆಂಟಿನ ಜೊತೆಗೆ ನಿಲ್ಲುವುದು ಮಗ್ಗವೊಂದೇ ಅಲ್ಲ, ನಮ್ಮ ಪೆಟ್ಟಿಗೆಯೂ ನಿಲ್ಲುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕಿತ್ತೇ? ಸೋರುತ್ತಿದ್ದದ್ದು ನಮ್ಮ ಕೇಬಲ್ಲೇ.

ಕರೆಂಟು ಬಂದ ಮೇಲೆ ರುಕ್ಮವ್ವನ ಮನೆ ಹೊಕ್ಕೆ. ಮೀಟರು ನನ್ನನ್ನು ಎಳೆದುಕೊಂಡು ಅಡುಗೆಮನೆಗೆ ಹೋಯಿತು. ಹಿಂಬದಿಯ ಕಿಂಡಿಯಿಂದ ಬಂದ ಕೇಬಲ್ಲು ಹಿಟ್ಟಿನ ಡಬ್ಬಿಗಳ ಹಿಂದಿನಿಂದ ಟಿವಿಯ ಕಡೆ ಹೋಗಿತ್ತು. ಡಬ್ಬಿ ಸರಿಸಿದರೆ ಅಲ್ಲೊಂದು ಗಂಟು. ಎಂಥ ಗಂಟು ಅಂತೀರಿ! ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಹಾಗೆಯೇ ತಾಮ್ರದ ತಂತಿಗೆ ತಾಮ್ರದ ತಂತಿಯನ್ನು ಕೊಂಡಿ ಹಾಕಿ ಬಿಗಿದಿತ್ತು. ಮೇಲೆ ಕೆಂಪು ನೂಲನ್ನು ಒತ್ತೊತ್ತಾಗಿ ಸುತ್ತಿ ಮೇಣ ಸವರಿತ್ತು. ಅಡ್ಡ ಬರುತ್ತದೆಂದು ಜಾಳಿಗೆಯನ್ನು ಮಾತ್ರ ಚೆನ್ನಾಗಿ ಹಿಂಜಿ, ಎರಡೂ ಕಡೆ ಹೊಸೆದು, ದೂರ ಮಡಚಿ ಇಟ್ಟಿತ್ತು. ಬೇಲಿ ಕಿತ್ತು ಬದಿಗಿಟ್ಟ ಹಾಗೆ.

"ಛಲೋ ಕುಂತೈತಲ್ರಿ?" ಎಂದಳು ರುಕ್ಮವ್ವ. "ಇಲಿ ಕಡದಿತ್ತು. ಟಿವಿ ಈಗ ಸ್ವಚ್ಛ ಬರ್ತೈತಿ."

ನಮಗೆ ಯಾಕೆ ಫೋನು ಮಾಡಲಿಲ್ಲ ಎಂದು ಕೇಳಿದೆ. ಮಾಡಿದ್ದಳು, ಮೇಲಿಂದ ಮೇಲೆ ಮಾಡಿದ್ದಳು. ಮೋಡೆಮ್ ಬಂದ್ ಮಾಡಿ ಚಾಲೂ ಮಾಡಲು ಹೇಳಿದ್ದರು.

"ಎಳಿ ಹರದ್ರ ಯಾರರ ಬರ್ತಾರಂತ ಮಗ್ಗ ನಿಲ್ಲಿಸಿ ಕುಂದರ್ತೇವೇನ್ರಿ? ಗಂಟ್ ಹಾಕ್ತೇವಿ, ಮುಂದ ಹೋಗ್ತೇವಿ. ಇದೂ ಒಂದ್ ಎಳೀನ ಅಲ್ರಿ? ನಮ್ಮ ಮನ್ಯಾಗಿಂದು ಛಲೋ ಕುಂತದ್ದು ನೋಡಿ ಎಲ್ಲಾರೂ ಕರದ್ರು. ನೀಲವ್ವನ ಮನ್ಯಾಗ, ಆಚಿ ಮನಿ, ಈಚಿ ಮನಿ, ಮಾಸ್ತರ ಮನಿ, ಓಣಿ ತುಂಬಾ ನಾನ ಹಾಕೀನಿ."

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಬೇರೆ ಊರಿನಲ್ಲಾದರೆ ಕೇಬಲ್ ಹರಿದರೆ ಜನ ಟಿವಿ ಬಂದ್ ಮಾಡಿ ನಮ್ಮನ್ನು ಬೈಯುತ್ತಾರೆ. ಹರಿದದ್ದನ್ನು ಕೂಡಿಸದೆ ಬಿಟ್ಟರೆ ಕೈಗೆ ಸಮಾಧಾನವಾಗದ ಜನ ಇರುವುದು ಈ ಓಣಿಯಲ್ಲೇ. ಮನೆಮನೆಯ ಗಂಟಿನಿಂದಲೂ ನಮ್ಮ ಚಾನಲ್ಲುಗಳು ಗಾಳಿಗೆ ಸೋರಿ, ಫೋನುಗಳು ಟವರಿಗೆ ಮಾತಾಡುವ ಜಾಗದಲ್ಲೇ ಹೋಗಿ ಗದ್ದಲ ಎಬ್ಬಿಸುತ್ತಿದ್ದವು. ಟವರಿನ ದನಿ ದೊಡ್ಡದು, ಹಾಗಾಗಿ ಅದರ ಮಾತು ಫೋನಿಗೆ ಕೇಳುತ್ತಿತ್ತು. ಕೈಯಲ್ಲಿನ ಫೋನಿನ ದನಿ ಸಣ್ಣದು, ಆ ಗದ್ದಲದಲ್ಲಿ ಟವರಿಗೆ ಕೇಳುತ್ತಿರಲಿಲ್ಲ. ಅದೇ ಗಂಟುಗಳ ಬಾಯಿಂದ ಮಗ್ಗದ ಮೋಟಾರಿನ ಸದ್ದು ಒಳಗೆ ನುಗ್ಗಿ ಇಂಟರ್ನೆಟ್ಟು ಕಡಿಯುತ್ತಿತ್ತು. ಗುಡೂರಿನ ಝಟ್ಕಾ ತಂತಿ, ಬಾದಾಮಿಯ ಅತ್ತೆಯ ಅಳು, ಎರಡೂ ಇಲ್ಲಿ ಒಂದೇ ಕಡೆ ಸೇರಿದ್ದವು.

ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಹಂಗಾದ್ರ ತಪ್ಪ ನಂದನ ಆತಲ್ರಿ."

"ಗಂಟ್ ನಿಮ್ದು. ಗಂಟ್ ಹಾಕೋ ಪಾಳಿ ತಂದಿಟ್ಟ ತಪ್ಪ ನಮ್ದು," ಎಂದೆ.

ಅವಳಿಗೆ ಸಮಾಧಾನವಾಗಲಿಲ್ಲ. ಯಾರ ತಪ್ಪಾದರೂ ಇರಲಿ, ಮಗ್ಗ ಉಳಿಯುತ್ತದೆಯೋ ಇಲ್ಲವೋ ಎಂದು ಕೇಳಿದಳು. ಉಳಿಯುತ್ತದೆ ಎಂದು ಮಾತು ಕೊಟ್ಟು ಬಸ್ಸು ಹತ್ತಿದೆ. ಕೊಡುವಾಗ ಪಾಟೀಲರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರುದಿನ ಬಾಗಲಕೋಟೆಯಲ್ಲಿ ಪಾಟೀಲರು ನನ್ನ ಮಾತನ್ನು ಪೂರ್ತಿ ಕೇಳಿದರು. ಅಷ್ಟು ಸಮಾಧಾನದಿಂದ ಅವರು ನನ್ನ ಮಾತು ಕೇಳಿದ್ದು ಅದೇ ಮೊದಲು. ಕೇಳಿ ಮುಗಿಸಿ ಬಾಗಿಲು ಮುಂದಕ್ಕೆ ಮಾಡಿದರು.

"ನಮ್ಮ ಕೇಬಲ್ ಸೋರ್ತೈತಿ ಅಂತ ಬಾಯಿ ಬಿಟ್ರ ನಾಕೂ ಊರಾಗ ಕಂಬಾ ಕಂಬಾ ತಪಾಸ್ ಮಾಡ್ತಾರ, ಶಾಂತವ್ವಾರ. ಹೆಂಗೂ ಮಗ್ಗದ ಮ್ಯಾಲೆ ಹೊಂಟೈತಿ, ಹೋಗ್ಲಿ ಬಿಡ್ರಿ. ತಪಾಸಣಿ ದಿನಾ ನಮ್ಮ ಕಡಿಂದ ಒಬ್ರು ಬರ್ಬೇಕಂತ. ನೀವ ಹೋಗ್ರಿ. ಸುಮ್ಮ ನಿಂತು ಬರ್ರಿ."

ಮೂರು ಮಗ್ಗ ನಿಲ್ಲುತ್ತವೆ ಎಂದೆ. ಸ್ವಲ್ಪ ದಿನ ನಿಂತರೆ ಏನೂ ಆಗುವುದಿಲ್ಲ, ಆಮೇಲೆ ಎಲ್ಲ ತಣ್ಣಗಾಗುತ್ತದೆ ಎಂದರು. ನನ್ನ ಮೈ ಉರಿಯಿತು. ಸಂಬಳ ತಡವಾದಾಗ ಇದೇ ಮನುಷ್ಯ ಕಂಪನಿಯ ಮಾಲೀಕರ ಮನೆ ಬಾಗಿಲಿಗೆ ಹೋಗಿ ನಿಂತಿದ್ದನ್ನು ನಾನು ಕಂಡಿದ್ದೆ. ತನ್ನ ಹೊಟ್ಟೆಗೆ ತಡೆಯದ ಮನುಷ್ಯ ಇನ್ನೊಬ್ಬರ ಹೊಟ್ಟೆಗೆ ಸ್ವಲ್ಪ ದಿನ ಎನ್ನುತ್ತಾನೆ. ಸುಮ್ಮನೆ ನಿಲ್ಲುವುದು ನನಗೆ ಬರುವುದಿಲ್ಲ ಸರ್ ಎಂದು ಹೇಳಿ ಹೊರಗೆ ಬಂದೆ. ಹೋಗುತ್ತ ಸ್ಟೋರಿನಿಂದ ಒಂದು ಚೀಲ ಹೊಸ ಕನೆಕ್ಟರುಗಳನ್ನು ತೆಗೆದುಕೊಂಡೆ.

ಆಮೇಲೆ ಏನಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಪಾಟೀಲರು ಹೇಳಿದ ಹಾಗೆಯೇ ಆಯಿತು, ನಾಲ್ಕೂ ಊರಿನ ಕಂಬಗಳ ತಪಾಸಣೆ ನಡೆಯಿತು. ಗಟ್ಟಿ ಹೊದಿಕೆಯ ಕೇಬಲ್ ಬಾದಾಮಿಗೂ ಬಂತು. ನನ್ನನ್ನು ಮೀಟರು ಕಸಿದುಕೊಂಡು ಹುನಗುಂದದ ಕೌಂಟರಿಗೆ ಕಳಿಸಿದರು. ಬೇಜಾರಾಯಿತೇ ಎಂದರೆ ಆಯಿತು, ಬಹಳ ಆಯಿತು. ಇಷ್ಟು ವರ್ಷ ಬಿಸಿಲಿನಲ್ಲಿ ತಿರುಗಿದವಳು ಫ್ಯಾನಿನ ಕೆಳಗೆ ಕುಳಿತು, ಮೋಡೆಮ್ ಬಂದ್ ಮಾಡಿ ಚಾಲೂ ಮಾಡಿ ಎಂದು ನನ್ನ ಬಾಯಿಂದಲೇ ಹೇಳಬೇಕಾಯಿತು. ಈಗ ಆ ಓಣಿಗೆ ಗಾಜಿನ ಎಳೆಯ ಕೇಬಲ್ ಬಂದಿದೆ. ಅದು ಸೋರುವುದಿಲ್ಲ, ಅದಕ್ಕೆ ಗಂಟು ಹಾಕಲೂ ಬರುವುದಿಲ್ಲ. ಇಲಿ ಕಡಿದರೆ ಕಂಪನಿಯವರು ಬರುವ ತನಕ ಕಾಯಬೇಕು. ಇದೆಂಥಾ ಹಾಳು ಎಳಿ ಅಕ್ಕಾರ ಎಂದು ರುಕ್ಮವ್ವ ಆಗಾಗ ಫೋನು ಮಾಡಿ ನನ್ನನ್ನೇ ಬೈಯುತ್ತಾಳೆ.

ತಪಾಸಣೆಯ ದಿನಕ್ಕೆ ಬರುತ್ತೇನೆ. ಓಣಿಯಲ್ಲಿ ಹುಬ್ಬಳ್ಳಿಯ ಎಂಜಿನಿಯರು ಲ್ಯಾಪ್‌ಟಾಪು, ಆಂಟೆನಾ ಹಿಡಿದು ನಿಂತಿದ್ದರು. ಕರೆಂಟ್ ಆಫೀಸಿನ ಲೈನ್‌ಮನ್ ಇಕ್ಕಳ ಕಿಸೆಯಲ್ಲಿಟ್ಟುಕೊಂಡು ಬಂದಿದ್ದ. ಮಾಸ್ತರರು ಕಟ್ಟೆಯ ಮೇಲೆ ನಿಂತಿದ್ದರು, ಓಣಿಯ ಹೆಂಗಸರು ಬಾಗಿಲುಗಳಲ್ಲಿ. ಒಳಗೆ ಮೂರು ಮಗ್ಗ ಖಟಪಟ ನಡೆದಿದ್ದವು. ಎಂಜಿನಿಯರು ಮೊದಲು ಮಗ್ಗ ನಿಲ್ಲಿಸಲು ಹೇಳಿದರು. ರುಕ್ಮವ್ವ ಸ್ವಿಚ್ಚಿನ ಮೇಲೆ ಕೈ ಇಟ್ಟು ನನ್ನ ಕಡೆ ನೋಡಿದಳು.

"ನಿಲ್ಲಸ್ಬ್ಯಾಡ್ರಿ," ಎಂದೆ. "ಮಗ್ಗ ನಡೀಲಿ. ಮಗ್ಗ ನಡದಾಗನ ಗದ್ದಲ ಹೋದ್ರ ನೀವ ಒಪ್ಪಬೇಕಾಗ್ತೈತಲ್ರಿ, ಸಾಹೇಬ್ರ?"

ಆ ಎಂಜಿನಿಯರು ಒಳ್ಳೆಯ ಮನುಷ್ಯ. ಅದೂ ಸರಿ ಎಂದು ಆಂಟೆನಾ ಎತ್ತಿ ಹಿಡಿದರು. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿಗಳ ಹಿಂದಿನ ಗಂಟನ್ನು ಕತ್ತರಿಸಿ ಕನೆಕ್ಟರು ಹಾಕಿದೆ. ಹೊರಗೆ ಬಂದು ಎಂಜಿನಿಯರನ್ನು ಕೇಳಿದರೆ ಗದ್ದಲ ಕೊಂಚ ಇಳಿದಿತ್ತು, ಪೂರ್ತಿ ಅಲ್ಲ. ಇನ್ನೂ ಐತಲ್ಲ ಎಂದರು ಮಾಸ್ತರರು. ಲೈನ್‌ಮನ್ ಇಕ್ಕಳ ಹೊರಗೆ ತೆಗೆದ.

ನೀಲವ್ವನ ಮನೆಗೆ ಹೋದೆ, ಅಲ್ಲೂ ಅದೇ ಕೆಂಪು ನೂಲಿನ ಗಂಟು. ಕತ್ತರಿಸಿದೆ. ಅದರ ಆಚೆಯ ಮನೆ, ಈಚೆಯ ಮನೆ, ಒಂದೂ ಬಿಡಲಿಲ್ಲ. ಗಂಟು ಹೋದ ಹಾಗೆಲ್ಲ ಗದ್ದಲ ಮೆಟ್ಟಿಲಿಳಿದಂತೆ ಇಳಿಯಿತು, ಆದರೆ ಹೋಗಲಿಲ್ಲ. ಉಳಿದದ್ದು ಮಾಸ್ತರರ ಮನೆ. ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು. ನಮ್ಮ ಮನ್ಯಾಗ ಮಗ್ಗಾನ ಇಲ್ಲ, ಒಳಗೇನೈತಿ ನೋಡಾಕ ಎಂದರು. ಅವರ ಬೆನ್ನ ಹಿಂದಿನಿಂದ ಅವರ ಹೆಂಡತಿ ಮಾತಾಡಿದರು.

"ಬರ್ರಿ ಅಕ್ಕಾರ. ದೇವರ ಜಗಲಿ ಹಿಂದ ಐತಿ. ಹೋದ ವರ್ಷ ರುಕ್ಮವ್ವನ ಕಟ್ಟ್ಯಾಳ. ಇವರ ಕರಕೊಂಡ ಬಂದಿದ್ರು."

ಮಾಸ್ತರರು ಬದಿಗೆ ಸರಿದರು. ಓಣಿಯಲ್ಲೇ ಅತಿ ಚಂದದ ಗಂಟು ಅಲ್ಲಿತ್ತು. ಮಾಸ್ತರರ ಮನೆ ಎಂದು ಮರ್ಯಾದೆಗೆ ಎರಡು ಬಣ್ಣದ ನೂಲು ಸುತ್ತಿದ್ದಳು. ಕತ್ತರಿಸುವಾಗ ನನಗೇ ಒಂಥರಾ ಆಯಿತು. ಕನೆಕ್ಟರು ಹಾಕಿ ಹೊರಗೆ ಬಂದಾಗ ಎಂಜಿನಿಯರು ಪರದೆಯನ್ನು ನೋಡಿ, ಒಳಗಿನ ಮಗ್ಗಗಳ ಕಡೆ ನೋಡಿ, ಮತ್ತೆ ಪರದೆಯನ್ನು ನೋಡುತ್ತಿದ್ದರು. ಮೂರೂ ಮಗ್ಗ ನಡೆದಿದ್ದವು, ಗದ್ದಲ ಇರಲಿಲ್ಲ. ಅವರು ಲ್ಯಾಪ್‌ಟಾಪು ಮುಚ್ಚಿ, ಲೈನ್‌ಮನ್‌ಗೆ ನೀವು ಹೋಗಿ ಎಂದರು. ಇದು ಯಾರ ಕೇಬಲ್ಲು ಎಂದು ಕೇಳಿದರು. ನಮ್ಮದು, ಮಗ್ಗಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ಲೈನ್‌ಮನ್ ಇಕ್ಕಳವನ್ನು ಕಿಸೆಗೆ ಹಾಕಿಕೊಂಡು ಹೋದ.

ರುಕ್ಮವ್ವ ಒಳಗೆ ಹೋಗಿ ಮಗ್ಗದ ಮೇಲೆ ಹರಿದಿದ್ದ ಒಂದು ಎಳೆಯನ್ನು ಕೂಡಿಸಿ, ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದು ನಿಂತಳು.

ಅಷ್ಟರಲ್ಲಿ ಮಾಸ್ತರರು ಪರೀಕ್ಷೆಗೆಂದು ಗದಗದ ಮಗಳಿಗೆ ಫೋನು ಹಚ್ಚಿದ್ದರು. ತಮ್ಮ ಕಟ್ಟೆಯ ಮೇಲೆಯೇ ನಿಂತು ಹಚ್ಚಿದ ಫೋನು ಎಷ್ಟೋ ದಿನಗಳ ಮೇಲೆ ಮೊದಲ ಸಲಕ್ಕೇ ಹೋಯಿತು. ಹಲೋ, ಹಲೋ ಎಂದರು. ಒಂದು ಕಿವಿಗೆ ಬೆರಳಿಟ್ಟುಕೊಂಡು, ಕೇಳಸವಲ್ದು, ಜೋರ ಮಾತಾಡವ್ವಾ ಎಂದರು. ಫೋನಿನಲ್ಲಿ ಈಗ ಏನೂ ಗದ್ದಲವಿರಲಿಲ್ಲ. ಎದುರಿಗೆ ಮೂರು ಮಗ್ಗ ಖಟಪಟ ಎನ್ನುತ್ತಿದ್ದವು. ಕೊನೆಗೆ ಫೋನಿನ ಬಾಯಿ ಮುಚ್ಚಿ ರುಕ್ಮವ್ವನ ಕಡೆ ತಿರುಗಿ, ಚೂರು ಮಗ್ಗ ನಿಲ್ಲಿಸುತ್ತೀಯಾ ಎಂದು ಕೇಳಿದರು.

"ಇಷ್ಟ ದಿನಾ ಓಣಿ ತುದಿಗೆ ಹೋಗಿ ಮಾತಾಡಿ ಬರ್ತಿದ್ರಲ್ರಿ, ಮಾಸ್ತರ," ಎಂದಳು ರುಕ್ಮವ್ವ. "ಇವತ್ತೂ ಅಲ್ಲೇ ಹೋಗ್ರಿ."

ಮಾಸ್ತರರು ಫೋನು ಕಿವಿಗೆ ಹಿಡಿದುಕೊಂಡು ಓಣಿಯ ತುದಿಗೆ ನಡೆದರು.